ತೃಪ್ತಿಕರ ಒಡೆತ

ಗ್ಲಿವಿತ್ಸೆಯ ಪಾಲಿಟೆಕ್ನಿಕ್ಕಿನ ನೆಲಮಾಳಿಗೆಯಲ್ಲಿ
ಕಾಂಕ್ರೀಟು ಒಡೆಯುವ ಯಂತ್ರ ನನ್ನ ಸುಪರ್ದಿಗೆ ಬಂದು
ಈ ಚಳಿಗಾಲಕ್ಕೆ ಇಪ್ಪತ್ತಾರು ವರ್ಷ.
ಮೇಷ್ಟ್ರಲ್ಲ ನಾನು. ಮೇಷ್ಟ್ರುಗಳಿರುವುದು ಮೂರನೇ ಮಹಡಿಯಲ್ಲಿ.
ನನ್ನ ಬಳಿ ಇರುವುದು ಕೀಲಿಗೊಂಚಲು, ಎಣ್ಣೆಡಬ್ಬಿ,
ಚಹಾದ ಲೋಟ,
ಮತ್ತು ಹುಡುಗರು ಇಲ್ಲೇ ಬಿಟ್ಟುಹೋಗುವ ಭಯ.

ಸೋಮವಾರ ಡೀನ್ ಕಚೇರಿಯವರು ಬಂದು
ನನ್ನ ಬಾಗಿಲಿಗೇ ಒಂದು ಡಬ್ಬ ಜಡಿದು ಹೋದರು.
ಪಕ್ಕದಲ್ಲಿ ಕಾಗದದ ಕಟ್ಟು, ದಾರಕ್ಕೆ ಕಟ್ಟಿದ ಪೆನ್ಸಿಲ್ಲು:
ವಿದ್ಯಾರ್ಥಿ ಜೀವನ ನಿಮಗೆ ತೃಪ್ತಿ ತಂದಿದೆಯೆ?
ಒಂದರಿಂದ ಐದರೊಳಗೆ ಗುರುತು ಹಾಕಿ.
ಬುಧವಾರದ ಹೊತ್ತಿಗೆ ಪೆನ್ಸಿಲ್ಲು ಮಾಯ,
ದಾರ ಮಾತ್ರ ತೂಗುತ್ತಿತ್ತು.
ತೃಪ್ತಿಯ ಮಾತು ಅಷ್ಟಕ್ಕೇ ನಿಲ್ಲಬಹುದಿತ್ತು.

ಯಾಗೊದಾ ಬರುತ್ತಿದ್ದುದು ಸಂಜೆ ಏಳರ ಮೇಲೆ,
ಕ್ಯಾಂಟೀನಿನ ಹುಳಿ ಎಲೆಕೋಸಿನ ವಾಸನೆ ಕೋಟಿನಲ್ಲೇ ಹೊತ್ತು.
'ವಸ್ತುಗಳ ಬಲ' ಎಂಬ ವಿಷಯದಲ್ಲಿ ಎರಡು ಸಲ ಡುಮ್ಕಿ.
ವಸ್ತುಗಳಿಗೆ ಬಲ, ನನಗೆ ಸುಸ್ತು, ಅನ್ನುವಳು; ನಗುತ್ತಿರಲಿಲ್ಲ.
ಹಾಸ್ಟೆಲಿನ ಕೋಣೆಗೆ ಮೂವರು. ಒಬ್ಬಳಿಗೆ ಅಕಾರ್ಡಿಯನ್,
ಇನ್ನೊಬ್ಬಳಿಗೆ ಪ್ರೇಮ, ಎರಡೂ ರಾತ್ರಿ ಹೊತ್ತೇ.
ಬೆಳಗಿನ ಜಾವ ನಾಲ್ಕರಿಂದ ಬೇಕರಿಯಲ್ಲಿ ಟ್ರೇ ತೊಳೆದು
ಎಂಟಕ್ಕೆ ಗಣಿತದ ತರಗತಿಯ ಕೊನೇ ಬೆಂಚಿನಲ್ಲಿ
ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ
ಯಾವ ಅಂಕಪಟ್ಟಿಗೂ ಏರುವುದಿಲ್ಲ.

ಜನವರಿಯಲ್ಲಿ ಮೂರು ಘನಗಳನ್ನು ಎರಕ ಹೊಯ್ದಳು.
ಮರಳು ಜರಡಿ ಹಿಡಿದದ್ದು, ನೀರು ಅಳೆದದ್ದು,
ಅಚ್ಚಿಗೆ ಎಣ್ಣೆ ಸವರಿದ್ದು, ಎಲ್ಲ ಅವಳೇ.
ಮಾರನೆಯ ದಿನ ಅಚ್ಚು ಬಿಚ್ಚಿ
ನೀಲಿ ಮೇಣದ ಬಳಪದಲ್ಲಿ ತಾರೀಖು ಬರೆದು
ತೊಟ್ಟಿಗಿಳಿಸಿದಳು. ಇಪ್ಪತ್ತೆಂಟು ದಿನ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು
ಊರೆಲ್ಲ ನಂಬಿರುವುದು ಸುಳ್ಳು.
ನೀರು ಕುಡಿದು ಕುಡಿದೇ ಅದು ಕಲ್ಲಾಗುವುದು.
ಅವಸರದವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ.

ತೊಟ್ಟಿಯ ನೀರು ಸದಾ ಇಪ್ಪತ್ತು ಡಿಗ್ರಿ,
ಹಾಸ್ಟೆಲಿಗಿಂತ ಬೆಚ್ಚಗೆ.
ಅದರ ಅಂಚಿನಲ್ಲಿ ಕೂತು ಟಿಪ್ಪಣಿ ಓದುತ್ತ
ನಡುನಡುವೆ ಕೈ ಅದ್ದಿ ಮುಟ್ಟುವಳು,
ಮಲಗಿದವರನ್ನು ಎಬ್ಬಿಸದ ಹಾಗೆ ಹಗುರಾಗಿ.
ಹೊರಗೆ ಬಿದ್ದ ಹಿಮ ಕಲ್ಲಿದ್ದಲ ಹೊಗೆಗೆ
ಬೂದಿಬಣ್ಣಕ್ಕೆ ತಿರುಗುತ್ತಿತ್ತು.

ಫೆಬ್ರವರಿಯ ಒಂದು ಗುರುವಾರ. ಮೊದಲನೆಯದು
ಒಂದೇ ಮಗ್ಗುಲಿಗೆ ಸಿಗಿದು ಕುಸಿಯಿತು.
ಎರಡನೆಯದರ ಮೂಲೆ ಹಾರಿತು.
ಅವಳು ಗೋಡೆಯ ಪಟ ನೋಡಿದಳು.
ಎಡಕ್ಕೆ: ತೃಪ್ತಿಕರ ಒಡೆತ.
ಬಲಕ್ಕೆ: ಅತೃಪ್ತಿಕರ ಒಡೆತ, ಒಂಬತ್ತು ಬಗೆ.

ಹೌದು, ಒಡೆಯುವುದರಲ್ಲೂ ಸರಿ ಅಂತ ಒಂದಿದೆ.
ಹೊರೆ ನೆಟ್ಟಗೆ ಕೂತಿದ್ದರೆ, ಒಳಗೆ ಟೊಳ್ಳಿಲ್ಲದಿದ್ದರೆ
ನಾಲ್ಕೂ ಮೈ ಒಂದೇ ಸಮ ಬಿರುಕುಬಿಟ್ಟು ಉದುರಿ
ನಡು ಸಣ್ಣಗಾದ ಮರಳುಗಡಿಯಾರ ಉಳಿಯುತ್ತದೆ.

ಮೂರನೆಯದಕ್ಕೆ ತಟ್ಟೆ ಒರೆಸಿದಳು, ಮತ್ತೊಮ್ಮೆ ಒರೆಸಿದಳು,
ಕಣ್ಣಳತೆಯಲ್ಲಿ ನಡುಮಧ್ಯ ಹುಡುಕಿ ಇಟ್ಟಳು.
ಮುಳ್ಳು ಏರಿತು. ಇಪ್ಪತ್ತು. ಇಪ್ಪತ್ತೆಂಟು.
ಮೂವತ್ತೊಂದರ ಹತ್ತಿರ ಘನದೊಳಗೆ
ಯಾರೋ ಗಂಟಲು ಸರಿಪಡಿಸಿಕೊಂಡಂಥ ಸದ್ದು.
ಆಮೇಲೆ ಸುತ್ತಲೂ ಚಕ್ಕೆ ಚಕ್ಕೆ.

ಪಾನ್ ಬೊಗುಮಿಲ್, ಇದನ್ನು ಒಯ್ಯಲೆ?
ಕಸಕ್ಕೆ ಹಾಕುವುದೇ, ಒಯ್ಯಿ ಅಂದೆ.
ನಾಲ್ಕು ಕಿಲೋ ಇದ್ದೀತು. ಕೊರಳ ಮಫ್ಲರು ಬಿಚ್ಚಿ ಸುತ್ತಿ
ಬರಿಗೊರಳಲ್ಲೇ ಮಂಜಿಗೆ ನಡೆದಳು.
ಪರೀಕ್ಷೆ ಇರುವುದು ಜೂನಿನಲ್ಲಿ. ಏನಾಗುವುದೋ.

ಶುಕ್ರವಾರ ಡಬ್ಬ ಬಿಚ್ಚಿದರು. ಹನ್ನೊಂದು ಕಾಗದ.
ಒಂದರಲ್ಲಿ ಅಂಕಿಗಳ ಗೊಡವೆಗೇ ಹೋಗದೆ
ನೀಲಿ ಮೇಣದ ಬಳಪದಲ್ಲಿ ಬರೆದ, ನಡು ಸಣ್ಣಗಿನ, ವಕ್ರ ಚಿತ್ರ.
ಇದನ್ನು ಎಷ್ಟೆಂದು ಎಣಿಸುವುದು? ಕೇಳಿದಳು ಕಚೇರಿಯ ಹೆಂಗಸು.
ನಾನು ಬಾಯಿ ಬಿಡುವುದರೊಳಗೆ
'ಅಸಿಂಧು' ಎಂದು ಗೀಚಿಕೊಂಡಳು.

ತೊಟ್ಟಿಯ ಉಷ್ಣತೆ ನೋಡಲು ಎದ್ದೆ.
ಹೊಸ ಬ್ಯಾಚಿನ ಘನಗಳಿಗೆ
ಇನ್ನೂ ಹತ್ತೊಂಬತ್ತು ದಿನ.